ಸೋದರಮಾವನ ಮಡಚು ಚಾಕು: ಬಾಲದಲ್ಲಿ ಬಿಳಿ ನಾಲಿಗೆ ಇರುವ ಇದು ಯಾವ ಕೆಲಸದ್ದು?

ಒಗ್ಗರಣೆಸೌಟು (ಮೈಸೂರು)

ನಮಸ್ಕಾರ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತೆರಡು ವರ್ಷ ಕುಳಿತು ನಿವೃತ್ತಳಾದವಳು ನಾನು. ಹರಿತದ ವಸ್ತುಗಳ ಬಗ್ಗೆ ನನ್ನ ವಿದ್ಯೆಯೆಲ್ಲ ಈಳಿಗೆಮಣೆಗೆ ಮುಗಿಯುತ್ತದೆ. ಪ್ರಶ್ನೆ ಬಾಲಿಶವಾಗಿ ಕಂಡರೆ ನಕ್ಕುಬಿಡಿ, ನಕ್ಕ ಮೇಲೆ ಉತ್ತರ ಕೊಡಿ.

ನನ್ನ ಸೋದರಮಾವ ಎರಡು ವರ್ಷದ ಹಿಂದೆ ತೀರಿಕೊಂಡರು. ಮದುವೆ ಮಾಡಿಕೊಂಡವರಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಕೆಲಸದಲ್ಲಿದ್ದು, ನಿವೃತ್ತಿಯ ನಂತರ ಊರಿಗೆ ಬಂದು ಅಣ್ಣನ ಮನೆಯ ಜಗಲಿ ಕೋಣೆಯಲ್ಲಿ ಇದ್ದರು. ಬಿಟ್ಟುಹೋದದ್ದು ಒಂದು ತಗಡಿನ ಟ್ರಂಕು. ವೈಕುಂಠ ಸಮಾರಾಧನೆಯ ಮಾರನೆಯ ದಿನ ಅದನ್ನು ತೆರೆದೆವು. ಎರಡು ಪಂಚೆ, ಪಿಂಚಣಿಯ ಕಾಗದಗಳು, ಎಲೆಯಡಿಕೆಯ ಸಂಚಿ, ಅದರೊಳಗೆ ಸುಣ್ಣದ ಡಬ್ಬಿಯ ಪಕ್ಕದಲ್ಲಿ ಈ ಚಾಕು. ಗಂಡುಮಕ್ಕಳು ಯಾರೂ ಕೈ ಚಾಚಲಿಲ್ಲ. "ನೀನಲ್ಲವೇ ಅವನ ಮುದ್ದಿನ ಸೊಸೆ, ನೀನೇ ಇಟ್ಟುಕೋ" ಎಂದು ದೊಡ್ಡತ್ತೆ ನನ್ನ ಚೀಲಕ್ಕೆ ಹಾಕಿದರು.

ಮಡಚಿದಾಗ ನಾಲ್ಕು ಇಂಚಿಗಿಂತ ಸ್ವಲ್ಪ ಹೆಚ್ಚು. ಅಲಗು ಒಂದೇ, ಎರಡೂಕಾಲು ಇಂಚು. ತುದಿ ಚೂಪಿಲ್ಲ, ದುಂಡಗೆ ಬಾಗಿದೆ. ತೆರೆಯುವಾಗ ಟಕ್ ಎಂದು ಈಗಲೂ ಗಟ್ಟಿಯಾಗಿ ನಿಲ್ಲುತ್ತದೆ. ಹಿಡಿಯ ಎರಡು ಮಗ್ಗುಲಿಗೂ ಕಂದು ಬಣ್ಣದ, ಗೀರುಗೀರಾದ ಒರಟು ಕೊಂಬು. ಒಳಗೆ ಹಿತ್ತಾಳೆಯ ತಗಡು. ನಮಗೆಲ್ಲ ಒಗಟಾಗಿರುವುದು ಹಿಡಿಯ ಇನ್ನೊಂದು ತುದಿ. ಅಲ್ಲಿಂದ ಒಂದೂಕಾಲು ಇಂಚು ಉದ್ದದ ಬಿಳಿಯ ತೆಳು ತುಂಡೊಂದು ಹೊರಗೆ ಚಾಚಿಕೊಂಡಿದೆ. ಮಡಚುವುದಿಲ್ಲ, ಹರಿತವಿಲ್ಲ. ಬೆಕ್ಕಿನ ನಾಲಿಗೆಯ ಆಕಾರ, ಮುಟ್ಟಿದರೆ ನುಣುಪು.

ಅಲಗಿನ ಬುಡದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒತ್ತಿದ್ದಾರೆ, ಬಹುಪಾಲು ಸವೆದಿವೆ. ಮೊದಲ ಸಾಲಿನಲ್ಲಿ ಓದಲು ಸಿಕ್ಕಿದ್ದು ಎನ್, ಓ, ಆರ್. ಎರಡನೆಯದರಲ್ಲಿ ಡಿ, ಎ, ಎಲ್. ಕೆಳಗೆ ಶೆಫೀಲ್ಡ್ ಎಂದು ಪೂರ್ತಿ ಇದೆ. ಭೂತಗನ್ನಡಿ ಹಿಡಿದು ಓದಿದ ನನ್ನ ಮೊಮ್ಮಗ "ಅಜ್ಜಿ, ದಾಲ್ ಎಂದು ಬರೆದಿದೆ, ಇದು ಅಡುಗೆಮನೆಯದೇ" ಎಂದು ತೀರ್ಪು ಕೊಟ್ಟ. ಹಿತ್ತಾಳೆಯ ತಗಡಿನ ಮೇಲೆ ಮೊಳೆಯಿಂದ ಗೀಚಿದಂತೆ ಕನ್ನಡದಲ್ಲಿ "ಮು. ರಾ." ಎಂದಿದೆ. ಮಾವನ ಹೆಸರಿನಲ್ಲಾಗಲೀ ಅವರ ತಂದೆಯ ಹೆಸರಿನಲ್ಲಾಗಲೀ ಈ ಎರಡು ಅಕ್ಷರಗಳಿಲ್ಲ.

ಬಿಳಿ ನಾಲಿಗೆಯ ಬಗ್ಗೆ ಮನೆಯಲ್ಲಿ ಮೂರು ಪಕ್ಷಗಳಾಗಿವೆ. ಲಕೋಟೆ ಬಿಡಿಸಲು ಎಂಬುದು ನನ್ನ ಪಕ್ಷ, ವೃತ್ತಿಯ ಪ್ರಭಾವ ಎಂದುಕೊಳ್ಳಿ. ವೀಳ್ಯದೆಲೆಗೆ ಸುಣ್ಣ ಸವರಲು ಎನ್ನುವುದು ನನ್ನ ತಂಗಿಯ ವಾದ, ಮಾವ ಹಾಗೆ ಸವರುವುದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಆಣೆ ಹಾಕುತ್ತಾಳೆ. ಕಿವಿಗೆ ಎಂದ ಮೂರನೆಯ ಪಕ್ಷದವರನ್ನು ಸಭೆಯಿಂದ ಹೊರಗೆ ಹಾಕಿದ್ದೇವೆ.

ಇದು ಏನು? ಎಷ್ಟು ಹಳೆಯದು? ತುಕ್ಕು ತೆಗೆಯುವುದು ಹೇಗೆ? ಬೆಲೆ ಎಷ್ಟು ಬರುತ್ತದೆ ಎಂದು ಕೇಳು ಎಂದು ನಮ್ಮ ಯಜಮಾನರು ಹೇಳಿದ್ದಾರೆ. ಅದನ್ನು ನಾನು ಕೇಳುತ್ತಿಲ್ಲ.

ನಿವೃತ್ತ ಹವಾಲ್ದಾರ್ (ಹಾಸನ)

ಮೇಡಂ, ಇದು ಖಂಡಿತ ಮಿಲಿಟರಿಯದು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಮಾಡಿದ ಮಡಚು ಚಾಕು ಕೊಡುತ್ತಿದ್ದರು, ನಮ್ಮ ಸಿಪಾಯಿಗಳ ಕೈಗೂ ಬಂದಿತ್ತು. ನನ್ನ ತಂದೆಯ ಹತ್ತಿರ ಒಂದಿತ್ತು. ನೀವು ನಾಲಿಗೆ ಎನ್ನುತ್ತಿರುವುದು ಹಗ್ಗದ ಗಂಟು ಬಿಡಿಸುವ ಮೊನೆ ಇರಬೇಕು. ನಿಮ್ಮ ಮಾವ ಅಥವಾ ಆ ಮು. ರಾ. ಯಾರಾದರೂ ಬರ್ಮಾ ಕಡೆ ಯುದ್ಧಕ್ಕೆ ಹೋಗಿದ್ದರೇ ವಿಚಾರಿಸಿ.

ಕುಡ್ಲದ ಕಬ್ಬಿಣ (ಮಂಗಳೂರು)

ಹವಾಲ್ದಾರ್ ಸರ್, ಕ್ಷಮಿಸಿ, ಇಲ್ಲಿ ನಿಮ್ಮ ಮಾತು ಒಪ್ಪಲಾರೆ. ಸೇನೆಯ ಆ ಚಾಕುಗಳು ನನ್ನ ಬಳಿ ಮೂರು ಇವೆ. ಹಗ್ಗದ ಮೊನೆ ಉಕ್ಕಿನದು, ದಬ್ಬಣದಂತೆ ಚೂಪು, ಬೆನ್ನಿಗೆ ಮಡಚಿಕೊಳ್ಳುತ್ತದೆ. ಡಬ್ಬಿ ತೆರೆಯುವ ಅಲಗು ಬೇರೆ ಇರುತ್ತದೆ. ಯುದ್ಧಕಾಲದವುಗಳಿಗೆ ಚೌಕಳಿ ಗೀರಿನ ಕಪ್ಪು ಹಿಡಿ, ಸೊಂಟದ ದಾರಕ್ಕೆ ಸಿಕ್ಕಿಸುವ ಬಳೆ. ಎಲ್ಲಕ್ಕಿಂತ ಮುಖ್ಯವಾಗಿ ಸರ್ಕಾರಿ ಸೊತ್ತು ಎಂದು ತೋರಿಸುವ ಬಾಣದ ಗುರುತು, ಕೋಳಿಯ ಹೆಜ್ಜೆಯಂತೆ ಮೂರು ಗೀರು. ಮೇಡಂ ಇವುಗಳಲ್ಲಿ ಒಂದನ್ನೂ ಹೇಳಿಲ್ಲ.

ಮೇಡಂ, ನಿಮ್ಮ ಮೊಮ್ಮಗನ "ದಾಲ್" ಬಹಳ ದೊಡ್ಡ ಸುಳಿವು. ಮೊದಲ ಸಾಲಿನ ಕೊನೆಗೆ "ನರ್", ಎರಡನೆಯ ಸಾಲಿನ ಕೊನೆಗೆ "ಡಲ್", ಕೆಳಗೆ ಶೆಫೀಲ್ಡ್ ಎಂದರೆ ನನ್ನ ಮಟ್ಟಿಗೆ ಅದು ಸೇನರ್, ಕುಕ್ ಅಂಡ್ ರೈಡಲ್. ತೋಟಗಾರರ ಚಾಕು ಮತ್ತು ಸವರುಗತ್ತರಿಗಳಿಗೆ ಹೆಸರಾದ ಶೆಫೀಲ್ಡ್‌ನ ಕಂಪನಿ. ಹಾಗಾಗಿ ಇದು ಗಿಡಗಳಿಗೆ ಸಂಬಂಧಿಸಿದ ಚಾಕು. ಆ ನಾಲಿಗೆಯ ಕೆಲಸವನ್ನು ತೋಟದವರು ಯಾರಾದರೂ ನನಗಿಂತ ಚೆನ್ನಾಗಿ ಹೇಳಿಯಾರು.

ಕಾಲದ ವಿಷಯದಲ್ಲಿ ಆಸೆ ಹುಟ್ಟಿಸುವುದಿಲ್ಲ. ಆ ಮೂರು ಹೆಸರುಗಳ ಮುದ್ರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ನಡೆದಿದೆ. ಮುದ್ರೆಯಿಂದ ತಿಳಿಯುವುದು ಅಷ್ಟೇ. ತುಕ್ಕು ಹಿಡಿಯುತ್ತದೆ ಎಂದರೆ ಸ್ಟೇನ್‌ಲೆಸ್ ಅಲ್ಲ. ಹ್ಯಾರಿ ಬ್ರೇರ್ಲಿ ಅದೇ ಶೆಫೀಲ್ಡ್‌ನಲ್ಲಿ 1913ರಲ್ಲಿ ತುಕ್ಕುರಹಿತ ಉಕ್ಕು ಮಾಡಿದ. ಹಾಗೆಂದು ನಿಮ್ಮ ಚಾಕು 1913ಕ್ಕಿಂತ ಹಿಂದಿನದು ಎಂದು ಹಿಗ್ಗಬೇಡಿ. ತೋಟಗಾರಿಕೆಯ ಚಾಕುಗಳನ್ನು ಅದಾದ ಮೇಲೂ ಬಹಳ ಕಾಲ ಹಳೆಯ ಇಂಗಾಲದ ಉಕ್ಕಿನಲ್ಲೇ ಮಾಡಿದರು, ಅದಕ್ಕೆ ಬರುವ ಹರಿತವೇ ಬೇರೆ. ಇಂದಿಗೂ ಮಾಡುವವರಿದ್ದಾರೆ.

ಹಿಡಿಯ ಕೊಂಬು ನೀವು ಬರೆದಂತೆ ಗೀರುಗೀರಾಗಿದ್ದರೆ ಕಡವೆಯದು ಇರಬಹುದು. ನಮ್ಮ ದೇಶದ ಕಾಡುಗಳಲ್ಲಿ ಕಡವೆಗಳು ಉದುರಿಸಿದ ಕೊಂಬು ಹಡಗು ಹತ್ತಿ ಶೆಫೀಲ್ಡ್‌ಗೆ ಹೋಗಿ ಚಾಕುವಿನ ಹಿಡಿಯಾಗುತ್ತಿತ್ತು. ಇಲ್ಲಿಂದ ಹೋದದ್ದು ಅಲಗು ಸಿಕ್ಕಿಸಿಕೊಂಡು ಇಲ್ಲಿಗೇ ಮರಳಿದೆ ಎಂದುಕೊಂಡರೆ ನನಗಂತೂ ಖುಷಿಯಾಗುತ್ತದೆ. ಬಿಳಿ ತುಂಡು ಮೂಳೆಯೋ ದಂತವೋ ನೋಡಬೇಕು. ಭೂತಗನ್ನಡಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆ, ಗೆರೆಗಳು ಕಂಡರೆ ಮೂಳೆ. ದಂತವಾದರೆ ಅಡ್ಡ ಕುಯ್ದ ತುದಿಯಲ್ಲಿ ಒಂದನ್ನೊಂದು ಹಾಯುವ ನವಿರು ಬಾಗುಗೆರೆಗಳಿರುತ್ತವೆ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ತೂತು ಬೀಳುತ್ತದೆ. ದಂತವೇ ಆಗಿದ್ದರೆ ಮಾರುವ ಮಾತು ಎತ್ತಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಕಡವೆಯ ಕೊಂಬಿನ ವ್ಯಾಪಾರವೂ ಅಷ್ಟೇ. ಯಜಮಾನರಿಗೆ ಇದನ್ನು ಓದಿ ಹೇಳಿ.

ತುಕ್ಕಿಗೆ ಮಾತ್ರ ನನ್ನ ಉತ್ತರ ಬರುವವರೆಗೆ ಏನೂ ಮಾಡಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ಉಜ್ಜುವ ಪುಡಿ ಯಾವುದೂ ಬೇಡ.

ಒಗ್ಗರಣೆಸೌಟು

ಕುಡ್ಲದವರೇ, ಎರಡು ದಿನ ತಡವಾಯಿತು. ಹುಣಸೆಹಣ್ಣು ಆಗಿಹೋಗಿದೆ. ನಾನಲ್ಲ, ಯಜಮಾನರು. ತಾಮ್ರದ ಚೊಂಬಿಗೆ ಒಪ್ಪುವುದು ಇದಕ್ಕೂ ಒಪ್ಪುತ್ತದೆ ಎಂದು ಅಲಗನ್ನು ಬೆಳಗಿದ್ದಾರೆ. ಒಂದು ಮುಖದ ಅರ್ಧದಷ್ಟು ಬೆಳ್ಳಿಯಂತೆ ಹೊಳೆಯುತ್ತಿದೆ, ಉಳಿದದ್ದು ಮೊದಲಿನ ಕಪ್ಪು. ನಾನು ಕಿತ್ತುಕೊಂಡಿದ್ದೇನೆ.

ಕನ್ನಡಿಯಲ್ಲಿ ನೋಡಿದೆ. ಚುಕ್ಕೆಗಳಿವೆ, ಆದ್ದರಿಂದ ಮೂಳೆ. ಮನಸ್ಸು ಹಗುರಾಯಿತು.

ಗಿಡಕ್ಕೆ ಸಂಬಂಧಿಸಿದ್ದು ಎಂದಿರಲ್ಲ, ಆಗ ನನಗೆ ಸಣ್ಣಗೆ ನಾಚಿಕೆಯಾಯಿತು. ಮಾವ ಸರ್ಕಾರಿ ಕೆಲಸದಲ್ಲಿದ್ದರು ಎಂದು ಬರೆದೆ, ಯಾವ ಕೆಲಸ ಎಂದು ಬರೆಯಲಿಲ್ಲ. ನಮ್ಮ ತಾಯಿಯ ಕಡೆಯವರು ಯಾವಾಗಲೂ ಹಾಗೆಯೇ ಹೇಳುತ್ತಿದ್ದರು, ನನ್ನ ಬಾಯಿಗೂ ಅದೇ ಬಂತು. ಅವರು ಮಾಲಿಯಾಗಿದ್ದರು. 1953ರಲ್ಲಿ, ಹದಿನೆಂಟು ತುಂಬುವಾಗ, ಬೆಂಗಳೂರಿನ ಸರ್ಕಾರಿ ತೋಟವೊಂದಕ್ಕೆ ದಿನಗೂಲಿಗೆ ಸೇರಿದವರು, ಆಮೇಲೆ ಕಾಯಂ ಆದರು. ಮಾಲಿ ಎಂದರೆ ನನ್ನ ಕಣ್ಣಿಗೆ ಸಲಿಕೆ, ನೀರಿನ ಕೊಳವೆ, ಬೇಲಿ ಕತ್ತರಿಸುವ ಉದ್ದ ಕತ್ತರಿ. ಜೇಬಿನಲ್ಲಿ ವಿಲಾಯಿತಿ ಚಾಕು ಇಟ್ಟುಕೊಂಡ ಮಾಲಿಯ ಚಿತ್ರ ಹೊಳೆಯಲೇ ಇಲ್ಲ.

ನಿವೃತ್ತ ಹವಾಲ್ದಾರ್

ಬಾಣದ ಗುರುತಿಲ್ಲ ಎಂದ ಮೇಲೆ ನನ್ನ ವಾದ ವಾಪಸ್ ತೆಗೆದುಕೊಂಡೆ. ತಂದೆಯ ಚಾಕುವನ್ನು ಇಂದು ತೆಗೆದು ನೋಡಿದೆ, ಬಾಣವೂ ಇದೆ, 1943 ಎಂದೂ ಇದೆ. ಇಷ್ಟು ವರ್ಷ ಮನೆಯಲ್ಲಿದ್ದರೂ ಓದಿರಲಿಲ್ಲ.

ಬೇರುಸಸಿ (ಸಿದ್ದಾಪುರ, ಬೆಂಗಳೂರು)

ಅಮ್ಮಾ, ನಾಲಿಗೆ ಎಂದು ನೀವು ಬರೆದದ್ದನ್ನು ಓದಿದ ತಕ್ಷಣ ನಮ್ಮ ನರ್ಸರಿಯ ಗೂಡಂಗಡಿಯಲ್ಲಿ ಕುಳಿತು ಒಬ್ಬನೇ ನಕ್ಕೆ. ಲಾಲ್‌ಬಾಗಿನ ಗೋಡೆಯಾಚೆ ಮೂರು ತಲೆಮಾರಿನಿಂದ ಸಸಿ ಮಾರುವವರು ನಾವು. ಇದು ಕಣ್ಣು ಕಸಿಯ ಚಾಕು. ಕಣ್ಣು ಎಂದರೆ ರೆಂಬೆಯಲ್ಲಿ ಚಿಗುರೊಡೆಯುವ ಮೊಗ್ಗು.

ಕೆಲಸ ಹೀಗೆ. ಗುಲಾಬಿಯನ್ನೇ ತೆಗೆದುಕೊಳ್ಳಿ. ಗಟ್ಟಿ ಬೇರಿನ ಕಾಡು ಗುಲಾಬಿಯ ಕಾಂಡದಲ್ಲಿ, ನೆಲದಿಂದ ಒಂದು ಗೇಣಿನ ಒಳಗೆ, ತೊಗಟೆಗೆ ಮಾತ್ರ ತಾಗುವಂತೆ ಇಂಗ್ಲಿಷಿನ ಟಿ ಅಕ್ಷರದ ಗಾಯ ಮಾಡಬೇಕು. ಅಡ್ಡಗೀರು ಒಂದು, ಉದ್ದಗೀರು ಒಂದು. ಆ ಉದ್ದಗೀರಿನ ಎರಡೂ ಅಂಚಿನ ತೊಗಟೆಯನ್ನು, ಅಂಗಿಯ ಗುಂಡಿ ಬಿಚ್ಚಿ ಎದೆಪಟ್ಟಿ ಸರಿಸಿದಂತೆ, ಮೆಲ್ಲಗೆ ಎತ್ತಬೇಕು. ಎತ್ತುವುದು ನಿಮ್ಮ ಆ ನಾಲಿಗೆಯಿಂದ. ಅಲಗಿನಿಂದ ಎತ್ತಿದರೆ ತೊಗಟೆಯ ಅಡಿಯ ಹಸಿ ಪದರ ಹರಿಯುತ್ತದೆ. ಹೊಸ ಮರಕ್ಕೂ ಹೊಸ ತೊಗಟೆಗೂ ತಾಯಿ ಆ ಪದರವೇ. ಅದು ಗಾಯವಾದರೆ ಕಸಿ ಹಿಡಿಯುವುದಿಲ್ಲ. ನಮಗೆ ಬೇಕಾದ ಬಣ್ಣದ ಗುಲಾಬಿಯಿಂದ ಒಂದೇ ಒಂದು ಕಣ್ಣನ್ನು ತೊಗಟೆಯ ಸಮೇತ ಗುರಾಣಿಯಾಕಾರದಲ್ಲಿ ಸೀಳಿಕೊಂಡು ಆ ಎದೆಪಟ್ಟಿಯೊಳಗೆ ಇಳಿಸಿ, ಕಣ್ಣು ಮಾತ್ರ ಹೊರಗೆ ಕಾಣುವಂತೆ ಸುತ್ತಿ ಕಟ್ಟಬೇಕು. ಈಗ ಪ್ಲಾಸ್ಟಿಕ್ ಪಟ್ಟಿ. ನಮ್ಮ ತಾತನ ಕಾಲದಲ್ಲಿ ನೀರಿನಲ್ಲಿ ನೆನೆಸಿದ ಬಾಳೆನಾರು.

ನಾಲಿಗೆ ಮೂಳೆಯದೇ ಏಕೆ ಎಂದರೆ, ಬಾಳೆಹೂ ಬಿಡಿಸುವಾಗ ಚಾಕು ಮತ್ತು ಕೈ ಕಪ್ಪಾಗುವುದನ್ನು ನೀವೇ ನೋಡಿದ್ದೀರಿ. ಸೊನೆಯ ಒಗರು ಕಬ್ಬಿಣಕ್ಕೆ ತಾಗಿದರೆ ಹಾಗಾಗುತ್ತದೆ. ಮೂಳೆಗೆ ಆ ತೊಂದರೆ ಇಲ್ಲ, ನುಣುಪು ಬೇರೆ.

ಗುಲಾಬಿಗೆ, ನಿಂಬೆ ಕಿತ್ತಳೆ ಜಾತಿಗೆ ಈ ಚಾಕು. ಮಾವಿಗೆ ಆಗೆಲ್ಲ ಸಾಮೀಪ್ಯ ಕಸಿ. ತಾಯಿಮರದ ಸುತ್ತ ಅಟ್ಟಣೆ ಕಟ್ಟಿ, ಕುಂಡದ ಸಸಿಗಳನ್ನು ಅದರ ಮೇಲಿಟ್ಟು, ಸಸಿಯನ್ನೂ ಮರದ ಕೊಂಬೆಯನ್ನೂ ಒಂದೊಂದು ಮಗ್ಗುಲು ಹೆರೆದು ಜೋಡಿಸಿ ಕಟ್ಟಿ, ತಿಂಗಳುಗಟ್ಟಲೆ ನೀರು ಹನಿಸುವುದು. ಅದಕ್ಕೂ ಹೆರೆಯಲು ಇದೇ ಅಲಗು ಸಾಕು.

ಈಗ ನನ್ನದೊಂದು ಪ್ರಶ್ನೆ. ಕಸಿಯ ಚಾಕುವಿಗೆ ಒಂದು ಗುಣವಿದೆ, ಅಡುಗೆಮನೆಯ ಚಾಕುವಿಗಿಲ್ಲ. ಅಲಗಿನ ಒಂದು ಮುಖ ಮಾತ್ರ ಇಳಿಜಾರಾಗಿ ಅರೆದಿರುತ್ತದೆ, ಇನ್ನೊಂದು ಮುಖ ಸಪಾಟು, ಬಡಗಿಯ ಉಳಿಯಂತೆ. ಕಡ್ಡಿಗೆ ಸಪಾಟು ಮುಖ ಒರಗಿದರೆ ಸೀಳು ಹಾಳೆಯಂತೆ ನೇರ ಬರುತ್ತದೆ. ಇಳಿಜಾರಿನ ಮುಖ ಒರಗಿದರೆ ಅಲಗು ತೇಲಿಹೋಗಿ ಸೀಳು ದೋಣಿಯಂತೆ ಬಾಗುತ್ತದೆ. ಅದಕ್ಕೇ ಬಲಗೈಯವರ ಚಾಕು ಎಡಗೈಯವರಿಗೆ ಆಗುವುದಿಲ್ಲ, ಎಡಗೈಯದನ್ನು ಬೇರೆಯಾಗಿಯೇ ಮಾಡುತ್ತಾರೆ. ಪೆನ್ಸಿಲ್ ದಪ್ಪದ ದಾಸವಾಳದ ಕಡ್ಡಿ ತೆಗೆದುಕೊಂಡು, ಬಲಗೈಯಲ್ಲಿ ಚಾಕು ಹಿಡಿದು, ಒಂದೇ ಎಳೆತಕ್ಕೆ ಓರೆಯಾಗಿ ಸೀಳಿ ನೋಡಿ. ಸೀಳು ನೇರವಾಗಿ ಬಂತೇ, ಬಾಗಿತೇ ತಿಳಿಸಿ. ನಿಮ್ಮ ಮಾವ ಯಾವ ಕೈಯವರು?

ಊರುಸುತ್ತು (ಬೆಂಗಳೂರು)

ರೋಮಾಂಚನ! ಲಾಲ್‌ಬಾಗಿಗೆ 1908ರಲ್ಲಿ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅದಕ್ಕೂ ಮೊದಲು ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿದವರು. ಇಂಗ್ಲಿಷ್ ಚಾಕು, ಬೆಂಗಳೂರಿನ ಸರ್ಕಾರಿ ತೋಟ. ಇದು ಕ್ರುಂಬಿಗಲ್ ತಂದ ಚಾಕು ಏಕಾಗಿರಬಾರದು?

ಬೇರುಸಸಿ

ಸ್ವಾಮಿ, ಬೆಂಗಳೂರಿನಲ್ಲಿ ಹಳೆಯ ಮರ ಕಂಡರೆ ಕ್ರುಂಬಿಗಲ್ ನೆಟ್ಟದ್ದು, ಹಳೆಯ ಬೆಂಚು ಕಂಡರೆ ಕ್ರುಂಬಿಗಲ್ ಕುಳಿತದ್ದು. ಈಗ ಚಾಕುವಿಗೂ ಬಂತು. ಅವರು ನಿವೃತ್ತರಾದದ್ದು 1932ರಲ್ಲಿ, ಅವರ ನಂತರ ಬಂದವರು ಜವರಾಯರು, ಆಮೇಲೆ ಮರಿಗೌಡರ ಕಾಲ. ಅಮ್ಮನವರ ಮಾವ ಸೇರುವ ಹೊತ್ತಿಗೆ ಕ್ರುಂಬಿಗಲ್ ತೋಟ ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು. ದೊರೆಗಳು ಪ್ಲಾನು ಹಾಕುತ್ತಿದ್ದರು ನಿಜ. ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ದಿನಕ್ಕೆ ನೂರಾರು ಕಣ್ಣು ಹಾಕುತ್ತಿದ್ದವರು ನಮ್ಮ ತಾತಂದಿರು. ತಗಡಿನ ಮೇಲೆ ಕನ್ನಡದಲ್ಲಿ "ಮು. ರಾ." ಎಂದಿದೆಯಲ್ಲ, ಜರ್ಮನಿಯವರು ಗೀಚಿದ್ದೇ ಅದು? ನಮ್ಮ ಕಡೆ ಮುನಿ ಎಂದು ಶುರುವಾಗುವ ಹೆಸರು ಬೀದಿಗೆ ಹತ್ತಿವೆ. ನಮ್ಮ ತಾತನ ಹೆಸರಿಗೂ ಆ ಅಕ್ಷರಗಳು ಹೊಂದುತ್ತವೆ. ಹಾಗೆಂದು ನಾನು ಹಕ್ಕು ಕೇಳಲು ಮೈಸೂರಿಗೆ ಬರುವುದಿಲ್ಲ.

ಒಗ್ಗರಣೆಸೌಟು

ಬೇರುಸಸಿಯವರೇ, ಬಾಳೆನಾರು ಎಂದು ನೀವು ಬರೆದ ಸಾಲಿನ ಹತ್ತಿರ ನಾನು ಓದುವುದನ್ನು ನಿಲ್ಲಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ.

ನನಗೆ ಏಳೋ ಎಂಟೋ ವರ್ಷ. ಮಾವ ರಜೆಯಲ್ಲಿ ಊರಿಗೆ ಬಂದರೆ ಬೆಳಿಗ್ಗೆ ಹಿತ್ತಲಿಗೆ ಹೋಗುತ್ತಿದ್ದರು. ನನ್ನ ಕೆಲಸ ಒಂದು ಚೊಂಬಿನಲ್ಲಿ ನೀರು, ನೀರಿನಲ್ಲಿ ಬಾಳೆನಾರು ಹಿಡಿದುಕೊಂಡು ಅವರ ಪಕ್ಕದಲ್ಲಿ ನಿಲ್ಲುವುದು. "ಕೊಡು" ಎಂದಾಗ ಒಂದು ಎಳೆ ಎತ್ತಿ ಕೊಡಬೇಕು, ನೀರು ತೊಟ್ಟಿಕ್ಕಬಾರದು. ನಮ್ಮ ಮನೆಯಲ್ಲಿ ಬಾಳೆನಾರು ಎಂದರೆ ಹೂ ಕಟ್ಟುವುದಕ್ಕೆ. ಮಾವ ಗುಲಾಬಿ ಗಿಡದ ಮುಂದೆ ಕುಳಿತು ನಾರು ಸುತ್ತುವುದನ್ನು ಕಂಡು ಅವರು ಗಿಡದಲ್ಲೇ ಹೂ ಕಟ್ಟುತ್ತಿದ್ದಾರೆ ಎಂದು ನಂಬಿದ್ದೆ. ಶಾಲೆಯಲ್ಲಿ ಹೇಳಿಯೂ ಇದ್ದೆ, ನಮ್ಮ ಮಾವ ಗಿಡದ ಮೇಲೆಯೇ ಹೂ ಕಟ್ಟುತ್ತಾರೆ ಎಂದು. ಆ ಗಿಡದಲ್ಲಿ ಬುಡದಿಂದ ಬರುವ ರೆಂಬೆಯಲ್ಲಿ ಸಣ್ಣ ಪೇಲವ ಹೂ, ಮೇಲಿನದರಲ್ಲಿ ಕಡುಗೆಂಪಿನ ದಪ್ಪ ಹೂ ಬಿಡುತ್ತಿತ್ತು. ಅಜ್ಜಿ ಬುಡದ ರೆಂಬೆಗಳನ್ನು ಚಿವುಟಿ ಹಾಕುತ್ತಿದ್ದರು. ಏಕೆ ಎಂದು ಅರವತ್ತೈದನೆಯ ವಯಸ್ಸಿನಲ್ಲಿ ನಿಮ್ಮಿಂದ ತಿಳಿಯಿತು.

ಮಾವ ಎಡಚರು. ಊಟ ಮಾತ್ರ ಬಲಗೈಯಲ್ಲಿ, ಅಜ್ಜಿ ಹೊಡೆದು ಕಲಿಸಿದ್ದು. ಉಳಿದದ್ದೆಲ್ಲ ಎಡಗೈ.

ನೀವು ಹೇಳಿದಂತೆ ದಾಸವಾಳದ ಕಡ್ಡಿ ಸೀಳಿದೆ. ನಾನು ಬಲಗೈಯವಳು. ಹತ್ತು ಕಡ್ಡಿ ಸೀಳಿದರೆ ಹತ್ತೂ ದೋಣಿ. ಒಂದರಲ್ಲಂತೂ ಪುಟ್ಟ ಚಮಚವೇ ಆಯಿತು. ನನ್ನ ಕೈ ಪಳಗಿಲ್ಲ ಎಂದುಕೊಂಡು ಅಲಗನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಂಡದ್ದನ್ನು ಕಂಡಹಾಗೆ ಬರೆಯುತ್ತೇನೆ. ಹೆಸರು ಒತ್ತಿರುವ ಮುಖದಲ್ಲಿ ಅಂಚಿಗೆ ಇಳಿಜಾರಿದೆ, ಅದು ನಯವಾಗಿಲ್ಲ, ಉದ್ದಕ್ಕೂ ಒರಟು ಗೀರುಗಳು. ಇನ್ನೊಂದು ಮುಖ ಸಪಾಟು, ಅಲ್ಲೂ ಅದೇ ಗೀರುಗಳು. ಆದರೆ ಅಲಗಿನ ಬುಡದಲ್ಲಿ, ಹಿಡಿಗೆ ಸೇರುವ ಕಡೆ, ಒಂದು ಅಕ್ಕಿಕಾಳಿನಷ್ಟು ಅಗಲದ ಜಾಗದಲ್ಲಿ ಮಾತ್ರ ಕಥೆ ತಿರುಗುಮುರುಗಾಗಿದೆ. ಅಲ್ಲಿ ಹೆಸರಿನ ಮುಖ ಸಪಾಟು, ಹಿಂದಿನ ಮುಖ ಇಳಿಜಾರು, ಎರಡೂ ಕನ್ನಡಿಯಂತೆ ನಯ. ಆ ಬುಡದಲ್ಲಿ ಅಲಗು ಅರ್ಧ ಇಂಚಿಗಿಂತ ಹೆಚ್ಚು ಅಗಲವಿದೆ, ಮುಂದೆ ಸವೆದು ಕಾಲು ಇಂಚಿಗೆ ಇಳಿದಿದೆ. ಮಡಚಿದರೆ ಅಲಗು ಹಿಡಿಯೊಳಗೆ ಮುಳುಗಿಯೇಹೋಗುತ್ತದೆ.

ಕುಡ್ಲದ ಕಬ್ಬಿಣ

ಮೇಡಂ, ಅಕ್ಕಿಕಾಳಿನಷ್ಟು ಜಾಗವನ್ನು ನೋಡಿ ಬರೆದಿರಲ್ಲ, ನನ್ನ ಸಂಗ್ರಹಕಾರ ಗೆಳೆಯರಲ್ಲಿ ಅರ್ಧ ಜನಕ್ಕೆ ಈ ಕಣ್ಣಿಲ್ಲ. ಅಂಚೆ ಮುದ್ರೆಗಳನ್ನು ಓದಿದ ಕಣ್ಣಿರಬೇಕು.

ಸಾಣೆಕಲ್ಲು ಅಲಗಿನ ಬುಡದವರೆಗೆ ಹೋಗುವುದಿಲ್ಲ, ಹಿಡಿ ಅಡ್ಡ ಬರುತ್ತದೆ. ಆದ್ದರಿಂದ ಬುಡದಲ್ಲಿ ಉಳಿದ ಆ ಚೂರು ಕಾರ್ಖಾನೆಯಿಂದ ಬಂದಾಗಿನ ರೂಪ. ಅಂದರೆ ಶೆಫೀಲ್ಡ್‌ನಿಂದ ಬಂದಾಗ ಇದು ಬಲಗೈಯವರ ಚಾಕು. ಆಮೇಲೆ ಯಾರೋ ಒಬ್ಬರು ಸಾಮಾನ್ಯ ಕಲ್ಲಿನ ಮೇಲೆ, ಕೈಯಿಂದ, ಇಳಿಜಾರನ್ನು ಉಜ್ಜಿ ಸಪಾಟು ಮಾಡಿ, ಸಪಾಟಾಗಿದ್ದ ಮುಖಕ್ಕೆ ಹೊಸ ಇಳಿಜಾರು ಕೊಟ್ಟಿದ್ದಾರೆ. ಆ ಉಕ್ಕನ್ನು ಕಲ್ಲಿನಲ್ಲಿ ಹಾಗೆ ತಿರುಗಿಸುವುದು ಒಂದು ಸಂಜೆಯ ಕೆಲಸವಲ್ಲ. ಅಲಗು ಅರ್ಧಕ್ಕೆ ಸವೆದದ್ದರಲ್ಲಿ ಇದರ ಪಾಲೂ ಇದೆ, ಬಾಕಿ ಇಪ್ಪತ್ತು ಮೂವತ್ತು ವರ್ಷ ಮಸೆದದ್ದು.

ತುಕ್ಕಿಗೆ ಹೀಗೆ ಮಾಡಿ. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯನ್ನು ಎರಡು ಹನಿ ಕೀಲಿಗೆ, ಒಂದು ಹನಿ ಅಲಗಿಗೆ. ಒಂದು ರಾತ್ರಿ ಬಿಟ್ಟು ಹಳೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ತೆಂಗಿನೆಣ್ಣೆ ಬೇಡ, ಜಿಡ್ಡುಗಟ್ಟಿ ಕೀಲು ಅಂಟಿಕೊಳ್ಳುತ್ತದೆ. ಕೆಂಪು ತುಕ್ಕು ಮಾತ್ರ ಶತ್ರು, ಆ ಕಪ್ಪು ಬಣ್ಣ ಸೊನೆಯಿಂದ ಬಂದದ್ದು, ಅದು ಅಲಗಿಗೆ ರಕ್ಷೆ. ಸಾಣೆ ಹಿಡಿಯುವವನ ಚಕ್ರಕ್ಕೆ ದಯವಿಟ್ಟು ಕೊಡಬೇಡಿ. ಆ ಅಕ್ಕಿಕಾಳು ಹೋದರೆ ಸಾಕ್ಷಿಯೇ ಹೋಗುತ್ತದೆ.

ಕಾನೂನಿನ ಚಿಂತೆ ಬೇಡ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಾದರೆ ಆಯುಧ ನಿಯಮಗಳ ಪ್ರಶ್ನೆ ಬರುತ್ತದೆ, ಅದರಲ್ಲೂ ಮನೆಗೆಲಸ ಮತ್ತು ಬೇಸಾಯದ ಸಲಕರಣೆಗಳಿಗೆ ವಿನಾಯಿತಿ ಇದೆ. ವಿಮಾನದಲ್ಲಿ ಹೋಗುವಾಗ ಮಾತ್ರ ಕೈಚೀಲದಲ್ಲಿ ಮರೆತು ಇಡಬೇಡಿ.

ಬೇರುಸಸಿ

ಈಗ ನನಗೆ ಅರ್ಥವಾಯಿತು. ಹಳೆಯ ಮೇಸ್ತ್ರಿಗಳು ಎಡಗೈಯಲ್ಲಿ ಚಾಕು ಹಿಡಿಯಲು ಬಿಡುತ್ತಿರಲಿಲ್ಲ ಅಮ್ಮಾ. ಅಶುಭ ಎಂದು ಒಂದು ಕಾರಣ. ಇನ್ನೊಂದು, ಸಾಲಾಗಿ ಕುಳಿತು ಕಸಿ ಕಟ್ಟುವಾಗ ಪಕ್ಕದವನ ಮೊಣಕೈಗೆ ತಾಗುತ್ತದೆ. ಚಾಕುವನ್ನೇ ತಿರುಗಿಸಿ ಅರೆದುಕೊಂಡಿದ್ದಾರೆ ಎಂದರೆ ಅದು ಅವರ ಸ್ವಂತದ್ದಾಗಿತ್ತು. ತೋಟದ ಸಾಮಾನಾಗಿದ್ದರೆ ಹಾಗೆ ಅರೆಯಲು ಬಿಡುತ್ತಿರಲಿಲ್ಲ. ಕೊಂಡದ್ದೋ, ಕೊಟ್ಟದ್ದೋ?

ಒಗ್ಗರಣೆಸೌಟು

ಕೊಟ್ಟದ್ದು. ನಿನ್ನೆ ದೊಡ್ಡತ್ತೆಗೆ ಫೋನ್ ಮಾಡಿದ್ದೆ. ಅವರಿಗೆ ತೊಂಬತ್ತೊಂದು, ಕಿವಿ ಮಂದ, ನೆನಪು ಚೊಕ್ಕ. ಮು. ರಾ. ಯಾರು ಎಂದು ಎರಡು ಸಲ ಕೂಗಿ ಕೇಳಿದೆ. ಹೆಸರು ಗೊತ್ತಿಲ್ಲ ಎಂದರು. ಆದರೆ ಬೆಂಗಳೂರಿನಲ್ಲಿ ಮಾವನಿಗೆ ಒಬ್ಬ ಮೇಸ್ತ್ರಿ ಇದ್ದರಂತೆ. ಮೊದಲ ವರ್ಷವೆಲ್ಲ ಮಾವ ಎಡಗೈಯಲ್ಲಿ ಚಾಕು ಎತ್ತಿದರೆ ಮಣಿಕಟ್ಟಿಗೆ ಬಾರುಕೋಲಿನ ಹಿಡಿಯಿಂದ ಏಟು. ಬಲಗೈಯಲ್ಲಿ ಕಟ್ಟಿದ ಕಣ್ಣು ಒಂದೂ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಹೋದಾಗ ಮಾವ ಯಾರದೋ ಚಾಕುವಿನಲ್ಲಿ ಎಡಗೈಯಿಂದ ಒಂದು ಸಾಲು ನಿಂಬೆಗೆ ಕಣ್ಣು ಕಟ್ಟಿ ಸುಮ್ಮನಿದ್ದುಬಿಟ್ಟರಂತೆ. ಮೂರು ವಾರದ ನಂತರ ಆ ಸಾಲು ಹಸಿರಾಯಿತು. ಮೇಸ್ತ್ರಿ ಏನೂ ಹೇಳಲಿಲ್ಲ. ಕಣ್ಣು ಮಂಜಾಗಿ ಕೆಲಸ ಬಿಡುವ ದಿನ ಈ ಚಾಕುವನ್ನು ಮಾವನ ಕೈಗೆ ಹಾಕಿ "ನಿನ್ನ ಕೈಗೆ ತಕ್ಕ ಹಾಗೆ ಅರೆದುಕೋ" ಎಂದರಂತೆ. "ಅದನ್ನು ಹೇಳುವಾಗೆಲ್ಲ ಅವನು ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದ" ಎಂದರು ದೊಡ್ಡತ್ತೆ. ಇದೆಲ್ಲ ಗೊತ್ತಿದ್ದೂ ಟ್ರಂಕು ತೆರೆದ ದಿನ ಏಕೆ ಹೇಳಲಿಲ್ಲ ಎಂದೆ. "ನೀವು ಯಾರೂ ಕೇಳಲಿಲ್ಲ" ಎಂದರು.

ಹವಾಲ್ದಾರ್ ಅವರೇ, ತಂಗಿಗೂ ಸೋಲಿಲ್ಲ. ಮಾವ ಸುಣ್ಣ ಸವರುತ್ತಿದ್ದದ್ದು ನಿಜವಂತೆ, ನಿವೃತ್ತಿಯಾದ ಮೇಲೆ. ನಾಲಿಗೆಯ ಬುಡದ ಸಂದಿಯಲ್ಲಿ ಬೆಳ್ಳಗೆ ಗಟ್ಟಿಕಟ್ಟಿದ್ದು ಅದೇ. ಅದನ್ನು ಕೆರೆದು ತೆಗೆಯುವುದಿಲ್ಲ.

ಎಣ್ಣೆ ಹಾಕಿದ್ದಾಯಿತು. ನಮ್ಮ ಮನೆಯಲ್ಲಿ ಎಡಚ ಎಂದರೆ ದಾಲ್ ಓದಿದ ಮೊಮ್ಮಗ ಒಬ್ಬನೇ, ಹನ್ನೆರಡು ವರ್ಷ. ಪಕ್ಕದಲ್ಲಿ ಕೂರಿಸಿಕೊಂಡು, ಬೆರಳು ಎಲ್ಲಿರಬೇಕು ಎಂದು ತೋರಿಸಿ, ಒಂದು ದಾಸವಾಳದ ಕಡ್ಡಿ ಕೊಟ್ಟೆ. ಎರಡನೆಯ ಎಳೆತಕ್ಕೆ ನೇರ ಸೀಳು ಬಂತು. ಎರಡು ಸೀಳುಗಳನ್ನು ಜೋಡಿಸಿ ಕಿಟಕಿಗೆ ಹಿಡಿದೆವು, ನಡುವೆ ಬೆಳಕು ತೂರಲಿಲ್ಲ.

ಬೇರುಸಸಿಯವರೇ, ಕಾಡು ಗುಲಾಬಿಯ ಸಸಿ ಎರಡು ಬೇಕು. ಮಳೆ ಶುರುವಾದ ಮೇಲೆ ತೊಗಟೆ ಸುಲಭವಾಗಿ ಬಿಡುತ್ತದೆಯೇ, ಈಗಲೇ ತರಬಹುದೇ? ಬಸ್ಸಿನಲ್ಲಿ ತರುವುದಾದರೆ ಬೇರಿಗೆ ಏನು ಸುತ್ತಬೇಕು ಎಂದೂ ತಿಳಿಸಿ. ಬಾಳೆನಾರು ನಮ್ಮ ಹಿತ್ತಲಲ್ಲೇ ಇದೆ.